ತಿಂಗಳಿಗೊಂದ್ಸಲ ಜಂತು ಔಷಧಿ ಹಾಕಿದ್ರೂ ಮೇಕೆ ಗದ್ದದ ಕೆಳಗೆ ನೀರು ತುಂಬಿದ್ದು ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ದು ಹೊಸನಗರ ತಾಲ್ಲೂಕು. ಅಡಿಕೆ ತೋಟದ ಜೊತೆಗೆ ಹಾಲಿಗೆ ಅಂತ 16 ಮೇಕೆ ಸಾಕಿದೀವಿ, ಜಮ್ನಾಪಾರಿ ಕ್ರಾಸ್ ಜಾಸ್ತಿ, ಎರಡು ಸಾನೆನ್ ಕ್ರಾಸ್. ಹೊರಗೆ ಮೇಯೋಕೆ ಬಿಡಲ್ಲ, ಹುಲ್ಲು ಕೊಯ್ದು ತಂದು ಹಾಕ್ತೀವಿ, ಸಂಜೆ ಹಾಲು ಕರೆದ ಮೇಲೆ ಅರ್ಧ ಗಂಟೆ ಕೊಟ್ಟಿಗೆ ಪಕ್ಕದಲ್ಲಿ ಕಾಲಾಡೋಕೆ ಬಿಡ್ತೀವಿ ಅಷ್ಟೆ. ಪ್ರತಿ ತಿಂಗಳು ಅಮಾವಾಸ್ಯೆ ಆದ್ಮೇಲೆ ತಪ್ಪದೆ ಅಲ್ಬೆಂಡಜೋಲ್ ಕುಡಿಸ್ತೀವಿ, ಒಂದೊಂದಕ್ಕೆ 5 ಎಂಎಲ್. ಆದ್ರೂ ಈ ಮಳೆಗಾಲದಲ್ಲಿ ಒಂದೂವರೆ ಲೀಟರ್ ಕೊಡ್ತಿದ್ದವು ಅರ್ಧ ಲೀಟರಿಗೆ ಬಂದಿವೆ, ಎರಡಕ್ಕೆ ಗದ್ದದ ಕೆಳಗೆ ಚೀಲದ ಥರ ಬಾತಿದೆ, ಒಂದು ಸತ್ತೇ ಹೋಯ್ತು. ದೊಡ್ಡವಕ್ಕೆ ಭೇದಿ ಏನೂ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಮರಿಗಳ ಹಿಕ್ಕೇಲಿ ಅಕ್ಕಿ ಕಾಳಿನಂಥ ಬಿಳಿ ಹುಳ ಕಾಣುತ್ತೆ, ಎರಡು ಮರಿಗೆ ಭೇದಿ. ಔಷಧಿ ಕಂಪನಿ ಬದಲಿಸ್ಬೇಕಾ? ಅಡಿಕೆ ಪುಡಿ, ಮೈಲುತುತ್ತದ ನೀರು ಕೊಡಿ ಅಂತ ಊರಲ್ಲಿ ಹೇಳ್ತಾರೆ, ಕೊಡಬಹುದಾ? ಔಷಧಿ ಹಾಕಿದ ಮೇಕೆ ಹಾಲು ಮಗೂಗೆ ಕೊಡಬಹುದಾ?

ಉತ್ತರ: ನಮಸ್ಕಾರ ತಂಗಿ. ಬೇರೆ ಎಲ್ಲಾ ಆಮೇಲೆ, ಮೊದಲು ಆ ಗದ್ದ ಬಾತಿರೋ ಎರಡು ಮೇಕೇನ ಮೆಲ್ಲಗೆ ಜಗಲಿ ಬೆಳಕಿಗೆ ತಂದು ಕಣ್ಣಿನ ಕೆಳರೆಪ್ಪೆ ಒಳಗಡೆ ನೋಡಿ. ಬಿಳುಚಿ ಹೋಗಿ ಸುಣ್ಣ ಬಳಿದಂಗೆ ಇದ್ರೆ ಇವತ್ತೇ ಪಶು ಆಸ್ಪತ್ರೆ ಡಾಕ್ಟ್ರನ್ನ ಮನೆಗೆ ಕರೆಸಿ, ಮೇಕೇನ ಆಟೋಗೆ ಹಾಕ್ಕೊಂಡು ಗುಂಡಿ ರಸ್ತೇಲಿ ಕುಲುಕಿಸ್ಕೊಂಡು ಹೋಗ್ಬೇಡಿ. ರಕ್ತ ಅಷ್ಟು ಇಳಿದಿರೋ ಪ್ರಾಣೀನ ಅಟ್ಟಿಸ್ಕೊಂಡು ಹೋಗಿ ಹಿಡಿದ್ರೂ ಸಾಕು ಅಲ್ಲೇ ಕುಸಿದು ಬೀಳುತ್ತೆ, ನನ್ನ ಕೈಯಲ್ಲೇ ಹಂಗೆ ಹೋಗಿದಾವೆ. ಡಾಕ್ಟ್ರು ಬರೋ ತನಕ ಕಟ್ಟಿದ ಜಾಗದಲ್ಲೇ ನೀರು, ಹಲಸಿನ ಸೊಪ್ಪು, ಒಂದು ಮುಷ್ಟಿ ಹಿಂಡಿ ಇಡಿ.

ಈಗ ಉಳಿದದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನೀವು ಬರೆದಿರೋ ಒಂದು ಸಾಲು ನಂಗೆ ಬಹಳ ಉಪಯೋಗಕ್ಕೆ ಬಂತು, ದೊಡ್ಡವಕ್ಕೆ ಭೇದಿ ಇಲ್ಲ ಹಿಕ್ಕೆ ಗಟ್ಟಿಯಾಗೇ ಇದೆ ಅನ್ನೋದು. ಜಂತು ಅಂದ್ರೆ ಭೇದಿ ಅಂತ ಎಲ್ರೂ ಅನ್ಕೊಂಡಿರ್ತಾರೆ, ಭೇದಿ ಇಲ್ಲ ಅಂದ್ರೆ ಜಂತು ಇಲ್ಲ ಅಂತ ಸುಮ್ನಿರ್ತಾರೆ. ಮೇಕೆ ಹೊಟ್ಟೇಲಿ ಹತ್ತಾರು ಜಾತಿ ಹುಳ ಇರುತ್ತೆ, ಅದ್ರಲ್ಲಿ ಮಲೆನಾಡಿನ ಮಳೆಗಾಲದಲ್ಲಿ ಜೀವ ತೆಗೆಯೋದು ಹಿಮಾಂಕಸ್ ಅನ್ನೋ ಒಂದು ಹುಳ, ಅದು ಭೇದಿ ಮಾಡಿಸಲ್ಲ, ಸುಮ್ನೆ ಕೂತ್ಕೊಂಡು ರಕ್ತ ಕುಡಿಯುತ್ತೆ. ಸತ್ತ ಮೇಕೆ ಕೊಯ್ದು ನಾಲ್ಕನೇ ಹೊಟ್ಟೆ ಬಿಚ್ಚಿ ತೋರಿಸಿದ್ರೆ ಸಾಕಿದವರಿಗೆ ಮಾತೇ ಬರಲ್ಲ. ಒಂದು ಇಂಚಿನ ಆಸುಪಾಸು ಉದ್ದ, ಹೊಲಿಗೆ ದಾರದಷ್ಟು ದಪ್ಪ, ಕೆಂಪು ಬಿಳಿ ದಾರ ಎರಡೂ ಸೇರಿಸಿ ಹೊಸೆದಂಗೆ ಕಾಣೋ ಹುಳಗಳು ಹೊಟ್ಟೆಯ ಮಡಿಕೆಗಳ ಮೇಲೆ ನೂರಾರು, ಕೆಲವು ಸಲ ಸಾವಿರಾರು, ಬಿಸಿ ಆರದಿದ್ರೆ ಇನ್ನೂ ಮಿಸುಕಾಡ್ತಿರ್ತವೆ. ಆ ಕೆಂಪು ನಿಮ್ಮ ಮೇಕೆ ರಕ್ತ, ಹುಳದ ಕರುಳಲ್ಲಿ ತುಂಬಿರೋದು. ಬಿಳಿ ಅದರ ಮೊಟ್ಟೆ ಚೀಲ, ಕರುಳಿಗೆ ಸುತ್ಕೊಂಡಿರುತ್ತೆ.

ಲೆಕ್ಕ ಹಾಕಿ ನೋಡಿ. ಒಂದು ಹುಳ ದಿನಕ್ಕೆ ಸುಮಾರು 0.05 ಎಂಎಲ್ ರಕ್ತ ತೆಗೆಯುತ್ತೆ, ಅಂದ್ರೆ ಏನೂ ಇಲ್ಲ ಅನ್ನಿಸುತ್ತೆ. ಸಾವಿರ ಹುಳ ಇದ್ರೆ ದಿನಕ್ಕೆ 50 ಎಂಎಲ್. ಮೂವತ್ತು ಕೆಜಿ ಮೇಕೆ ಮೈಯಲ್ಲಿ ಇರೋದೇ ಸುಮಾರು ಎರಡು ಲೀಟರ್ ರಕ್ತ. ಹಾಲು ಕೊಡೋ ಮೇಕೆ ಒಂದು ಕಡೆ ಕೆಚ್ಚಲಿಗೆ ಪ್ರೋಟೀನ್ ಸುರೀತಿರುತ್ತೆ, ಇನ್ನೊಂದು ಕಡೆ ಹುಳಕ್ಕೆ ಕೊಡ್ತಿರುತ್ತೆ, ಅದಕ್ಕೇ ಜಾಸ್ತಿ ಹಾಲಿನ ಮೇಕೇನೆ ಮೊದಲು ಬೀಳೋದು. ರಕ್ತದಲ್ಲಿ ಪ್ರೋಟೀನ್ ಇಳಿದಾಗ ನೀರಿನಂಶ ರಕ್ತನಾಳದಿಂದ ಹೊರಗೆ ಜಿನುಗುತ್ತೆ, ಮೇಕೆ ತಲೆ ಬಗ್ಗಿಸಿ ತಿನ್ನೋ ಪ್ರಾಣಿ ಆದ್ರಿಂದ ಅದು ಗದ್ದದ ಕೆಳಗೆ ಬಂದು ನಿಲ್ಲುತ್ತೆ. ಬೆಳಿಗ್ಗೆ ಬಾವು ಇಳಿದಂಗೆ ಕಂಡು ಸಂಜೆ ಮತ್ತೆ ತುಂಬ್ಕೊಂಡಿರುತ್ತೆ, ಗಮನಿಸಿರ್ಬಹುದು ನೀವು. ದಯವಿಟ್ಟು ಅದನ್ನ ಕುರು ಅಂತ ಬ್ಲೇಡ್ ಹಾಕಿ ಕುಯ್ಯೋಕೆ ಹೋಗ್ಬೇಡಿ, ಅರಿಶಿನ ಬಿಸಿ ಮಾಡಿ ಹಚ್ಚಿದ್ರೂ ಪ್ರಯೋಜನ ಇಲ್ಲ.

ಇನ್ನು ನಿಮ್ಮ 5 ಎಂಎಲ್ ವಿಷ್ಯಕ್ಕೆ ಬರ್ತೀನಿ, ನನ್ನ ಪ್ರಕಾರ ಅರ್ಧ ಕಥೆ ಅಲ್ಲೇ ಇದೆ.

ಅಂಗಡೀಲಿ ಸಾಮಾನ್ಯವಾಗಿ ಸಿಗೋ ಅಲ್ಬೆಂಡಜೋಲ್ ದ್ರಾವಣ 2.5 ಪರ್ಸೆಂಟಿಂದು, ಅಂದ್ರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ. 5 ಎಂಎಲ್ ಅಂದ್ರೆ 125 ಮಿಲಿಗ್ರಾಂ. ಮೂವತ್ತು ಕೆಜಿ ಮೇಕೆಗೆ ಕೆಜಿಗೆ ನಾಲ್ಕು ಮಿಲಿಗ್ರಾಂ ಬಿತ್ತು, ನಿಮ್ಮ ಜಮ್ನಾಪಾರಿ ಕ್ರಾಸ್ 45 ಕೆಜಿ ತೂಗಿದ್ರೆ ಮೂರೂ ಇಲ್ಲ. ಬೇಕಾಗಿರೋದು ಕೆಜಿಗೆ ಸುಮಾರು 10. ಮೇಕೆ ಲಿವರ್ ಈ ಔಷಧಿಗಳನ್ನ ಕುರಿಗಿಂತ ಬೇಗ ಕರಗಿಸಿ ಹೊರಗೆ ಹಾಕುತ್ತೆ, ಅದಕ್ಕೇ ಕುರಿ ಡೋಸು ಮೇಕೆಗೆ ಸಾಲಲ್ಲ, ಔಷಧಿ ಯಾವ್ದು ಅನ್ನೋದರ ಮೇಲೆ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತೆ. ಬಾಟಲಿ ಮೇಲೆ ಕುರಿ ಮೇಕೆ ಎರಡಕ್ಕೂ ಒಂದೇ ಲೆಕ್ಕ ಬರೆದಿರ್ತಾರೆ, ಅದೇ ತೊಂದರೆ. ಹಂಗಂತ ಎಲ್ಲಾ ಔಷಧೀನೂ ಡಬಲ್ ಮಾಡಿಬಿಡೋದಲ್ಲ ಮಾರಾಯ್ರೆ, ಲೆವಮಿಸೋಲ್ ಅನ್ನೋದರಲ್ಲಿ ಸರಿ ಡೋಸಿಗೂ ವಿಷಕ್ಕೂ ಅಂತರ ಕಮ್ಮಿ, ಜಾಸ್ತಿ ಆದ್ರೆ ಜೊಲ್ಲು ಸುರಿಸ್ಕೊಂಡು ನಡುಗುತ್ತೆ, ಅದನ್ನ ಡಾಕ್ಟ್ರು ತೂಕ ನೋಡಿ ಹೇಳಿದಷ್ಟೇ ಹಾಕ್ಬೇಕು.

ತೂಕ ಹೆಂಗೆ ಅಂತ ಕೇಳ್ತೀರಿ. ಅಡಿಕೆ ಮೂಟೆ ತೂಗೋ ತಕ್ಕಡಿ ನಿಮ್ಮನೇಲಿ ಇದ್ದೇ ಇರುತ್ತೆ, ಗೋಣಿಚೀಲ ಹೊಟ್ಟೆ ಕೆಳಗೆ ಕೊಟ್ಟು ನೇತುಹಾಕಿ ತೂಗಿ. ಅದಾಗಲ್ಲ ಅಂದ್ರೆ ಟೈಲರ್ ಟೇಪ್ ತಗೊಳ್ಳಿ. ಮುಂಗಾಲ ಹಿಂದೆ ಎದೆ ಸುತ್ತಳತೆ ಇಂಚಲ್ಲಿ, ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಮೂಳೆ ತನಕ ಉದ್ದ ಇಂಚಲ್ಲಿ. ಸುತ್ತಳತೇನ ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ, ಬಂದಿದ್ದನ್ನ 660 ರಿಂದ ಭಾಗಿಸಿ, ಕೆಜಿ ಸಿಗುತ್ತೆ. ಸುತ್ತಳತೆ 28, ಉದ್ದ 26 ಇದ್ರೆ ಸುಮಾರು 31 ಕೆಜಿ, ಅದಕ್ಕೆ 2.5 ಪರ್ಸೆಂಟಿನ ಅಲ್ಬೆಂಡಜೋಲ್ ಹನ್ನೆರಡು ಹನ್ನೆರಡೂವರೆ ಎಂಎಲ್. ನೀವು ಕೊಟ್ಟಿದ್ದು ಅದರ ಅರ್ಧಕ್ಕಿಂತ ಕಮ್ಮಿ, ಅದೂ ತಿಂಗಳು ತಿಂಗಳು.

ಕಮ್ಮಿ ಡೋಸು ಪದೇ ಪದೇ ಹಾಕಿದ್ರೆ ಏನಾಗುತ್ತೆ ಅಂದ್ರೆ, ಮೆತ್ತಗಿನ ಹುಳಗಳು ಸಾಯ್ತವೆ, ಗಟ್ಟಿ ಹುಳ ಉಳ್ಕೊಳ್ತವೆ. ಒಂದು ಹೆಣ್ಣು ಹುಳ ದಿನಕ್ಕೆ ಐದು ಸಾವಿರಕ್ಕೂ ಮೇಲೆ ಮೊಟ್ಟೆ ಹಾಕುತ್ತೆ, ಉಳಿದ ಗಟ್ಟಿ ಹುಳದ ಮಕ್ಕಳೇ ನಿಮ್ಮ ಜಾಗದ ತುಂಬಾ. ಒಂದೆರಡು ವರ್ಷ ಇದೇ ನಡೆದ್ರೆ ಅಲ್ಬೆಂಡಜೋಲ್ ನಿಮ್ಮ ಮನೆ ಹುಳಕ್ಕೆ ಮಜ್ಜಿಗೆ ಕುಡಿಸಿದಂಗೆ. ಇದು ಹೊಸ ಸುದ್ದಿ ಏನಲ್ಲ, ಇದೇ ವಂಶದ ಮೊದಲ ಔಷಧಿ ಥಯಾಬೆಂಡಜೋಲ್ 1961ರಲ್ಲಿ ಬಂತು, ನಾಲ್ಕೈದು ವರ್ಷದೊಳಗೇ ಅದಕ್ಕೆ ಬಗ್ಗದ ಹುಳ ಕಾಣಿಸ್ಕೊಂಡ್ವು. ಬೇರೆ ವಂಶದ ಜಂತು ಔಷಧಿ ಐವರ್ಮೆಕ್ಟಿನ್ ಕಂಡುಹಿಡಿದ ಕೆಲಸಕ್ಕೆ 2015ರಲ್ಲಿ ನೊಬೆಲ್ ಕೊಟ್ರು, ನಾವು ಅದನ್ನೂ ಉಣ್ಣೆಗೊಂದ್ಸಲ ತುರಿಕೆಗೊಂದ್ಸಲ ಅಂತ ಚುಚ್ಚಿ ಚುಚ್ಚಿ ಹಾಳು ಮಾಡ್ತಿದೀವಿ. ಅದಕ್ಕೇ ಕಂಪನಿ ಬದಲಿಸ್ಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಬೇಡ ಅಂತ. ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್‌ಗೆ ಹೋದ್ರೂ ಒಂದೇ ಮನೆ ಅಣ್ಣತಮ್ಮಂದಿರು, ಒಂದಕ್ಕೆ ಬಗ್ಗದ ಹುಳ ಇನ್ನೊಂದಕ್ಕೂ ಬಗ್ಗಲ್ಲ. ಬದಲಿಸೋದಾದ್ರೆ ಔಷಧಿಯ ವಂಶ ಬದಲಾಗ್ಬೇಕು, ಇಲ್ಲಾ ಡಾಕ್ಟ್ರು ಹೇಳಿದ್ರೆ ಎರಡು ಬೇರೆ ವಂಶದ್ದನ್ನ ಒಂದೇ ದಿನ ಎರಡೂ ಪೂರ್ತಿ ಡೋಸು ಹಾಕ್ಬೇಕು.

ನಿಮ್ಮನೇಲಿ ಔಷಧಿ ಕೆಲಸ ಮಾಡ್ತಿದ್ಯೋ ಇಲ್ವೋ ಅಂತ ಊಹೆ ಮಾಡೋದು ಬೇಡ, ನೋಡೋಕೆ ದಾರಿ ಇದೆ. ಔಷಧಿ ಹಾಕೋ ದಿನ ಏಳೆಂಟು ಮೇಕೆದು ತಾಜಾ ಹಿಕ್ಕೆ ತಗೊಳ್ಳಿ. ನೆಲದ ಮೇಲಿಂದು ಬೇಡ, ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಗುದದ್ವಾರದಿಂದಲೇ, ಒಂದೊಂದಕ್ಕೂ ಬೇರೆ ಕವರ್, ಗಾಳಿ ಹಿಂಡಿ ಗಂಟು ಹಾಕಿ ಹೆಸರು ಬರೆದು ತಣ್ಣಗಿಟ್ಟು ಒಂದು ದಿನದೊಳಗೆ ಲ್ಯಾಬಿಗೆ ಮುಟ್ಟಿಸಿ, ಫ್ರೀಜರ್ರಲ್ಲಿ ಮಾತ್ರ ಇಡ್ಬೇಡಿ. ತಾಲ್ಲೂಕು ಪಶು ಆಸ್ಪತ್ರೇಲಿ ಕೇಳಿ, ಇಲ್ಲಾಂದ್ರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ. ಒಂದು ಗ್ರಾಂ ಹಿಕ್ಕೇಲಿ ಎಷ್ಟು ಮೊಟ್ಟೆ ಅಂತ ಎಣಿಸಿ ಹೇಳ್ತಾರೆ. 14 ದಿನ ಬಿಟ್ಟು ಅದೇ ಮೇಕೆಗಳದ್ದು ಮತ್ತೆ. ಎರಡು ಸಾವಿರ ಇದ್ದದ್ದು ನೂರಕ್ಕೆ ಇಳಿದಿದ್ರೆ ಔಷಧಿ ಪರವಾಗಿಲ್ಲ, ಒಂಬೈನೂರಕ್ಕೆ ಬಂದು ನಿಂತಿದ್ರೆ ಆ ಬಾಟಲಿ ಮೇಲೆ ಇನ್ಮುಂದೆ ದುಡ್ಡು ಸುರಿಯೋದು ಬೇಡ. 95 ಪರ್ಸೆಂಟ್ ಇಳೀಬೇಕು, ಅದು ಗೆರೆ.

ಇಲ್ಲಿ ಒಂದು ನನ್ನ ಸ್ವಂತ ಪೆಟ್ಟು ಹೇಳ್ಬೇಕು. ನೌಕರಿಗೆ ಸೇರಿದ ಹೊಸತರಲ್ಲಿ ಗದ್ದೆ ಬಯಲಿನ ಒಂದು ಮನೇಲಿ ಮೇಕೆಗಳು ಹಿಂಗೇ ಗದ್ದ ಬಾತು ಸೊರಗ್ತಿದ್ವು, ಡಿಸೆಂಬರ್ ಇರ್ಬೇಕು. ಹಿಕ್ಕೆ ಟೆಸ್ಟಲ್ಲಿ ಮೊಟ್ಟೆ ಇಲ್ಲ ಅಂತ ಬಂತು, ನಾನು ಜಂತು ಅಲ್ಲ ಅಂತ ಟಾನಿಕ್ ಬರೆದು ಬಂದೆ. ವಾರದಲ್ಲಿ ಮೂರು ಹೋದ್ವು. ಕೊಯ್ದು ನೋಡಿದ್ರೆ ಲಿವರ್ ಗಟ್ಟಿಯಾಗಿ ಕುಯ್ಯೋಕೆ ಕತ್ತಿಗೇ ಬರ್ತಿಲ್ಲ, ಪಿತ್ತನಾಳದೊಳಗೆ ಎಲೆ ಥರ ಚಪ್ಪಟೆ ಹುಳಗಳು ಮಡಚ್ಕೊಂಡು ಕೂತಿದಾವೆ, ಲಿವರ್ ಫ್ಲೂಕ್. ಆ ಹುಳದ ಮೊಟ್ಟೆ ಭಾರ, ಉಪ್ಪು ನೀರಲ್ಲಿ ತೇಲಲ್ಲ, ಅವತ್ತು ಮಾಡಿದ್ದು ತೇಲಿಸೋ ಟೆಸ್ಟ್ ಮಾತ್ರ. ತಳಕ್ಕೆ ಇಳಿಸಿ ನೋಡೋ ಟೆಸ್ಟ್ ಬೇರೆ ಇದೆ, ಅದನ್ನ ಕೇಳ್ಬೇಕಾಗಿತ್ತು, ಕೇಳಿರ್ಲಿಲ್ಲ. ಆ ಮನೆ ಅಜ್ಜಿ ನನ್ನ ಬೈಲಿಲ್ಲ, ಕಾಫಿ ಕೊಟ್ರು, ಅದು ಇನ್ನೂ ಕಷ್ಟ ಆಯ್ತು. ಅವತ್ತಿಂದ ಎರಡೂ ಟೆಸ್ಟ್ ಮಾಡ್ಸಿ ಅಂತ ಚೀಟೀಲೇ ಬರೆದು ಕಳಿಸ್ತೀನಿ, ನೀವೂ ಬಾಯಿ ಬಿಟ್ಟು ಕೇಳಿ.

ಆಷಾಢ ಶ್ರಾವಣದಲ್ಲಿ ಗದ್ದ ಬಾತ್ರೆ ಹಿಮಾಂಕಸ್ ಮೇಲೆ ಅನುಮಾನ, ಮಳೆ ಹೊಳವಾಗಿ ಗದ್ದೆ ಕೊಯ್ಲಿನ ಹೊತ್ತಿಂದ ಮುಂದೆ ಬಾತ್ರೆ ಫ್ಲೂಕ್ ಮೇಲೆ ಅನುಮಾನ, ಯಾಕಂದ್ರೆ ಹೊಟ್ಟೆ ಸೇರಿದ ಫ್ಲೂಕ್ ಮರಿ ಬಲಿತು ಮೊಟ್ಟೆ ಹಾಕೋಕೆ ಮೂರು ತಿಂಗಳು ಹಿಡಿಯುತ್ತೆ. ಗದ್ದೆ ಅಂಚು, ತೋಟದ ಬಸಿಗಾಲುವೆ, ಕೆರೆ ಕೋಡಿ ಇಂಥಲ್ಲಿರೋ ಸಣ್ಣ ನೀರು ಬಸವನಹುಳದ ಮೈಯಲ್ಲಿ ಬೆಳೆದು ಹುಲ್ಲಿನ ಬುಡಕ್ಕೆ ಅಂಟ್ಕೊಂಡು ಬರುತ್ತೆ ಅದು. ಅದಕ್ಕೆ ಔಷಧಿ ಬೇರೆ, ಆಕ್ಸಿಕ್ಲೋಜಾನೈಡ್ ಥರದ್ದು. ಅಲ್ಬೆಂಡಜೋಲ್ ಜಾಸ್ತಿ ಡೋಸಲ್ಲಿ ದೊಡ್ಡ ಫ್ಲೂಕನ್ನ ಮುಟ್ಟುತ್ತೆ, ಮರಿ ಫ್ಲೂಕನ್ನ ಮುಟ್ಟಲ್ಲ. ಕ್ಲೋಸಾಂಟೆಲ್ ಹಿಮಾಂಕಸ್‌ಗೂ ಫ್ಲೂಕ್‌ಗೂ ಎರಡಕ್ಕೂ ಹೊಡೆಯುತ್ತೆ ಅಂತ ಅಂಗಡಿಯವರು ಕೊಟ್ಟಾರು, ಹಾಲು ಕರೆಯೋ ಮೇಕೆಗೆ ಅದು ಬೇಡ, ಡೋಸು ಹೆಚ್ಚಾದ್ರೆ ಕಣ್ಣು ಹೋಗುತ್ತೆ ಬೇರೆ.

ಈಗ ನೀವು ಕೇಳದೇ ಇರೋ ಪ್ರಶ್ನೆ, ಹೊರಗೆ ಬಿಡದ ಮೇಕೆಗೆ ಹುಳ ಬಂದಿದ್ದು ಎಲ್ಲಿಂದ. ಹಿಕ್ಕೆ ಜೊತೆ ಬಿದ್ದ ಮೊಟ್ಟೆ ಒಡೆದು ಒಂದು ವಾರದ ಆಸುಪಾಸಲ್ಲಿ ಸೋಂಕು ಹತ್ತಿಸೋ ಮರಿಹುಳ ಆಗುತ್ತೆ, ಅದಕ್ಕೆ ಬೇಕಾಗಿರೋದು ಬೆಚ್ಚಗಿನ ಹವೆ ಮತ್ತು ತೇವ, ಆರಿದ್ರಾ ಮಳೆಯಿಂದ ಮಘೆ ತನಕ ಮಲೆನಾಡಲ್ಲಿ ಅದಕ್ಕೇನು ಬರ. ಹುಲ್ಲಿನ ಮೇಲೆ ನಿಂತ ನೀರಿನ ತೆಳು ಪೊರೇಲಿ ಈಜ್ಕೊಂಡು ಮೇಲೆ ಹತ್ತುತ್ತೆ, ಆದ್ರೆ ಬಹಳ ಎತ್ತರ ಹೋಗಲ್ಲ, ಜಾಸ್ತಿ ಮರಿಹುಳ ಇರೋದು ನೆಲದಿಂದ ಎರಡು ಮೂರು ಇಂಚಿನೊಳಗೆ. ಈಗ ನಿಮ್ಮ ಅರ್ಧ ಗಂಟೆ ಕಾಲಾಡ್ಸೋ ಜಾಗ ನೆನೆಸ್ಕೊಳ್ಳಿ. ದಿನಾ ಅದೇ ಜಾಗ, ಹದಿನಾರು ಮೇಕೆ ಹಿಕ್ಕೆ ಅಲ್ಲೇ, ಹುಲ್ಲು ಕಚ್ಚಿ ಕಚ್ಚಿ ಗರಿಕೆ ಅರ್ಧ ಇಂಚಿಗೆ ಬಂದಿರುತ್ತೆ, ಸಂಜೆ ಹೊತ್ತು ಒದ್ದೆ ಬೇರೆ. ದಿನವಿಡೀ ಬ್ಯಾಣದ ಹುಲ್ಲುಗಾವಲಲ್ಲಿ ಮೇಯೋ ಮೇಕೆಗಿಂತ ಈ ಅರ್ಧ ಗಂಟೇಲಿ ಜಾಸ್ತಿ ಹುಳ ತಿನ್ಬಹುದು. ನನ್ನ ಕೇಳಿದ್ರೆ ಮಳೆಗಾಲ ಮುಗಿಯೋ ತನಕ ಅದನ್ನ ಪೂರ್ತಿ ನಿಲ್ಲಿಸಿ, ಕಾಲಾಡ್ಸಲೇಬೇಕು ಅಂದ್ರೆ ಅಡಿಕೆ ಒಣಗಿಸೋ ಸಿಮೆಂಟ್ ಅಂಗಳಕ್ಕೆ ಬಿಡಿ, ಆಮೇಲೆ ಗುಡಿಸಿ.

ಎರಡನೇದು ಹುಲ್ಲು ಎಲ್ಲಿಂದ ಕೊಯ್ತೀರಿ ಅನ್ನೋದು. ನೇಪಿಯರ್ ಮೇವಿನ ಹುಲ್ಲು ಹಾಕಿದ್ರೆ ಅದರ ಬುಡಕ್ಕೆ ಹಸಿ ಹಿಕ್ಕೆ ಸುರೀಬೇಡಿ, ತುಂಬಾ ಮನೇಲಿ ನೋಡ್ತೀನಿ, ಕೊಟ್ಟಿಗೆ ಗುಡಿಸಿದ್ದು ಸೀದಾ ಮೇವಿನ ಪಾತಿಗೆ ಹೋಗುತ್ತೆ. ಗುಂಡಿಗೆ ಹಾಕಿ ಚೆನ್ನಾಗಿ ಕಾವು ಬಂದು ಕಳಿತ ಗೊಬ್ಬರ ಆದ್ರೆ ಪರವಾಗಿಲ್ಲ, ಆ ಕಾವಿಗೆ ಮೊಟ್ಟೆ ಮರಿ ಎರಡೂ ಸಾಯ್ತವೆ. ನೇಪಿಯರನ್ನ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ಬದುವಿನ ಹುಲ್ಲನ್ನ ಕತ್ತಿ ಮಲಗಿಸಿ ಹೆರೆದು ತರೋದು ಬಿಡಿ. ಕೊಳೆ ರೋಗಕ್ಕೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆದ ತೋಟದ ಅಡಿಯ ಹುಲ್ಲೂ ಬೇಡ, ತಾಮ್ರ ಹೊಟ್ಟೆಗೆ ಹೋಗುತ್ತೆ.

ನಿಜ ಹೇಳ್ಬೇಕಂದ್ರೆ ಮೇಕೆ ಹುಲ್ಲು ಮೇಯೋ ಪ್ರಾಣೀನೇ ಅಲ್ಲ, ಮುಂಗಾಲೆತ್ತಿ ಸೊಪ್ಪು ಕಡಿಯೋ ಪ್ರಾಣಿ. ನಾವು ಅದನ್ನ ಸಣ್ಣ ಹಸು ಅಂತ ಭಾವಿಸಿ ಹುಲ್ಲು ಹಾಕಿ ಹುಳ ತಿನ್ನಿಸ್ತೀವಿ. ಮಳೆಗಾಲದ ಮೂರು ತಿಂಗಳು ಆದಷ್ಟು ಮರದ ಸೊಪ್ಪು ಕೊಡಿ, ಹಲಸು, ಹಾಲುವಾಣ, ಗೊಬ್ಬರದ ಗಿಡ, ಅಗಸೆ, ನುಗ್ಗೆ, ಇವೆಲ್ಲ ನೆಲದಿಂದ ಮೇಲಿರೋದು, ಹಿಕ್ಕೆ ಸೋಕಿರಲ್ಲ. ಹಲಸಿನ ಸೊಪ್ಪಲ್ಲಿ ಒಗರಿನ ಅಂಶ ಇದೆ, ಟ್ಯಾನಿನ್ ಅಂತಾರೆ, ಅದು ಹುಳಕ್ಕೆ ಅಷ್ಟು ಹಿಡಿಸಲ್ಲ. ಅದು ಔಷಧಿ ಅಂತ ನಾನು ಹೇಳ್ತಿಲ್ಲ, ಮೇವು ಅಂತ ಹೇಳ್ತಿದೀನಿ. ನಿಮಗೆ ಸೊಪ್ಪಿನ ಬೆಟ್ಟ ಇದ್ರೆ ಸುಲಭ. ಆದ್ರೆ ಮಳೆ ಕಳೆದ ಮೇಲೆ ಸೊಪ್ಪಿಗೆ ಅಂತ ಕಾಡಿಗೆ ಹೋಗೋದಾದ್ರೆ ಮೈತುಂಬ ಬಟ್ಟೆ ಹಾಕ್ಕೊಂಡು ಹೋಗಿ, ಮೇಕೆಗಳನ್ನ ಹೊಡ್ಕೊಂಡು ಹೋಗೋದಂತೂ ಬೇಡ. ಉಣ್ಣೆಯಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ, ಡಿಸೆಂಬರಿಂದ ಮೇ ತನಕ ಉಣ್ಣೆ ಕಾಟ ಎಷ್ಟು ಅಂತ ನಿಮಗೇನು ಹೇಳೋದು.

ಇನ್ನು ಅಮಾವಾಸ್ಯೆ ಲೆಕ್ಕ. ಕ್ಯಾಲೆಂಡರ್ ನೋಡಿ ಎಲ್ಲದಕ್ಕೂ ಔಷಧಿ ಹಾಕೋದನ್ನ ಇವತ್ತಿಂದ ಬಿಟ್ಟುಬಿಡಿ. ಯಾವ ಮಂದೇಲಾದ್ರೂ ಹುಳದ ಬಹುಪಾಲು ಇರೋದು ಕೆಲವೇ ಮೇಕೆ ಹೊಟ್ಟೇಲಿ, ಹತ್ತರಲ್ಲಿ ಎರಡು ಮೇಕೆ ಎಂಟು ಪಾಲು ಹುಳ ಹೊತ್ತಿರುತ್ತೆ ಅಂತ ನಾವು ಬಾಯಿಮಾತಿಗೆ ಹೇಳ್ತೀವಿ. ಚೆನ್ನಾಗಿರೋ ಮೇಕೆಗೆ ಔಷಧಿ ಹಾಕ್ದೇ ಬಿಟ್ರೆ ಅದರ ಹೊಟ್ಟೇಲಿ ಔಷಧಿ ರುಚಿ ನೋಡದ ಮೆತ್ತಗಿನ ಹುಳ ಸ್ವಲ್ಪ ಉಳಿಯುತ್ತೆ, ಅವು ಗಟ್ಟಿ ಹುಳಗಳ ಜೊತೆ ಬೆರೆತು ಮುಂದಿನ ಪೀಳಿಗೆ ಪೂರ್ತಿ ಗಟ್ಟಿ ಆಗದಂಗೆ ನೋಡ್ಕೊಳ್ತವೆ. ಹುಳ ಉಳಿಸ್ಕೊಳ್ಳಿ ಅಂತ ಡಾಕ್ಟ್ರು ಹೇಳ್ತಾರಲ್ಲ ಅಂತ ನಗ್ಬೇಡಿ.

ಯಾವುದಕ್ಕೆ ಹಾಕ್ಬೇಕು ಅಂತ ಕಣ್ಣು ಹೇಳುತ್ತೆ. ದಕ್ಷಿಣ ಆಫ್ರಿಕಾದಲ್ಲಿ ಫಾಫಾ ಮಲಾನ್ ಅನ್ನೋ ಪಶುವೈದ್ಯರು ಒಂದು ಬಣ್ಣದ ಚಾರ್ಟ್ ಮಾಡಿದ್ರು, ಅವರ ಹೆಸರಲ್ಲೇ ಅದಕ್ಕೆ ಫಮಾಚಾ ಅಂತಾರೆ. ಒಂದರಿಂದ ಐದು ನಂಬರು. ಒಂದು ಅಂದ್ರೆ ದಾಸವಾಳದ ಕೆಂಪು, ಎರಡು ಸ್ವಲ್ಪ ಮಾಸಿದ ಕೆಂಪು, ಮೂರು ಗುಲಾಬಿ, ನಾಲ್ಕು ಬಿಳಿಗುಲಾಬಿ, ಐದು ಬರೀ ಬಿಳಿ. ಮೇಕೆಗೆ ಮೂರು ಬಂತು ಅಂದ್ರೇನೆ ಔಷಧಿ. ನೋಡೋದು ಹಿಂಗೆ, ಮೇಲಿನ ರೆಪ್ಪೆ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿಸಿ ಸ್ವಲ್ಪ ಒತ್ತಿ, ಇನ್ನೊಂದು ಕೈಲಿ ಕೆಳರೆಪ್ಪೆ ಕೆಳಗೆಳೆಯಿರಿ, ಒಳಗಿನ ಪೊರೆ ತಾನಾಗೇ ಹೊರಗೆ ಉಕ್ಕುತ್ತೆ, ತಕ್ಷಣ ನೋಡಿ ಬಿಡಿ, ಹಿಡ್ಕೊಂಡೇ ಇದ್ರೆ ಬಣ್ಣ ಏರುತ್ತೆ. ಮೊಬೈಲ್ ಟಾರ್ಚಲ್ಲಿ ನೋಡ್ಬೇಡಿ, ಬಣ್ಣ ಮೋಸ ಮಾಡುತ್ತೆ, ಆಶ್ಲೇಷದ ಮೋಡ ಇದ್ರೂ ಬಯಲು ಬೆಳಕೇ ವಾಸಿ. ಎರಡೂ ಕಣ್ಣು ನೋಡಿ, ಕೆಟ್ಟದಾಗಿ ಕಂಡ ಕಣ್ಣಿನ ನಂಬರ್ ಬರ್ಕೊಳ್ಳಿ. ಮಳೆಗಾಲದಲ್ಲಿ ಹತ್ತು ದಿನಕ್ಕೊಂದ್ಸಲ, ಬೇಸಿಗೇಲಿ ತಿಂಗಳಿಗೊಂದ್ಸಲ ಸಾಕು. ಮರಿ ಹಾಕೋಕೆ ಎರಡು ವಾರ ಮುಂಚಿನಿಂದ ಹಿಡಿದು ಮರಿ ಹಾಕಿ ಒಂದೆರಡು ತಿಂಗಳಾಗೋ ತನಕ ವಾರಕ್ಕೊಂದ್ಸಲ ನೋಡಿ, ಆ ಹೊತ್ತಲ್ಲಿ ತಾಯಿ ಮೈಯ ತಡೆಯೋ ಶಕ್ತಿ ಇಳಿದು ಹುಳ ಮೊಟ್ಟೆ ಹಾಕೋದು ಏರುತ್ತೆ. ಈ ಕಣ್ಣಿನ ಲೆಕ್ಕ ರಕ್ತ ಹೀರೋ ಹುಳಕ್ಕೆ ಮಾತ್ರ ಅನ್ನೋದು ನೆನಪಿರ್ಲಿ. ಭೇದಿ ಮಾಡಿಸೋ ಹುಳ ಇದ್ರೆ ಕಣ್ಣು ಕೆಂಪಗೇ ಇರ್ಬಹುದು, ಮೈಯಲ್ಲಿ ಉಣ್ಣೆ ಜಾಸ್ತಿ ಇದ್ರೆ ಹೊಟ್ಟೇಲಿ ಹುಳ ಇಲ್ದೇನೂ ಬಿಳುಚ್ಬಹುದು.

ಔಷಧಿ ಕುಡಿಸುವಾಗ ತಲೆ ಆಕಾಶಕ್ಕೆ ಎತ್ತಬೇಡಿ, ಶ್ವಾಸಕ್ಕೆ ಹೋಗುತ್ತೆ. ಬಾಯಿ ಪಕ್ಕದಿಂದ ಸಿರಿಂಜ್ ತೂರಿಸಿ ನಾಲಿಗೆ ಹಿಂಭಾಗಕ್ಕೆ ನಿಧಾನ ಬಿಡಿ. ಗಬ್ಬ ಕಟ್ಟಿದ ಮೊದಲ ತಿಂಗಳು ಅಲ್ಬೆಂಡಜೋಲ್ ಹಾಕ್ಲೇಬೇಡಿ, ಮರಿಗೆ ಊನ ಆಗುತ್ತೆ, ನೀವು ತಿಂಗಳು ತಿಂಗಳು ಹಾಕ್ತಿದ್ದದ್ದಕ್ಕೆ ನಂಗೆ ಅದೂ ಒಂದು ಭಯ.

ಮರಿಗಳ ಹಿಕ್ಕೇಲಿ ಕಂಡ ಅಕ್ಕಿಕಾಳು ಲಾಡಿಹುಳದ ತುಂಡು. ಕಣ್ಣಿಗೆ ಕಾಣುತ್ತೆ ಅಂತ ಎಲ್ರೂ ಅದಕ್ಕೇ ಹೆದರೋದು, ನಿಜವಾಗಿ ಇರೋದ್ರಲ್ಲಿ ಬಡಪಾಯಿ ಅದು, ಜಾಸ್ತಿ ಇದ್ರೆ ಡಾಕ್ಟ್ರು ಪ್ರಾಜಿಕ್ವಾಂಟೆಲ್ ಬರೀತಾರೆ. ಮರಿಗಳ ಭೇದಿಗೆ ಕಾರಣ ಬಹುಶಃ ಅದಲ್ಲ. ಮೂರು ವಾರದಿಂದ ನಾಲ್ಕೈದು ತಿಂಗಳ ಮರಿ ಹಿಂಭಾಗ ಕೊಳೆ ಮಾಡ್ಕೊಂಡು, ಲೋಳೆ ಅಥವಾ ರಕ್ತ ಬೆರೆತು ಭೇದಿ ಮಾಡಿದ್ರೆ ಕಾಕ್ಸಿಡಿಯಾ ಅಂತ ಮೊದಲು ಅನುಮಾನ ಪಡಿ. ಅದು ಹುಳಾನೇ ಅಲ್ಲ, ಕಣ್ಣಿಗೆ ಕಾಣದ ಜೀವಿ, ಜಂತು ಔಷಧಿ ಬಾಟಲಿ ಪೂರ್ತಿ ಕುಡಿಸಿದ್ರೂ ಅದಕ್ಕೇನೂ ಆಗಲ್ಲ. ಅದಕ್ಕೆ ಆಂಪ್ರೋಲಿಯಂ, ಸಲ್ಫಾ ಥರದ ಔಷಧಿ, ಅದಕ್ಕಿಂತ ಮುಖ್ಯ ನೆಲ ಒಣಗಿರೋದು. ಈ ಭೇದಿಗೆ ಹಿಕ್ಕೆ ಟೆಸ್ಟ್ ಮಾಡಿಸದೆ ಏನೂ ಕುಡಿಸ್ಬೇಡಿ, ಅಲ್ಲೀ ತನಕ ಓಆರ್‌ಎಸ್ ಮಾತ್ರ.

ಕೊಟ್ಟಿಗೆ ನೆಲ ಮಣ್ಣಿಂದೋ ಅಟ್ಟದ್ದೋ ನೀವು ಬರೆದಿಲ್ಲ. ಮಣ್ಣಿನದಾದ್ರೆ, ಬಿದ್ದ ಅಡಿಕೆ ಮರದ ದಬ್ಬೆ ಇರುತ್ತಲ್ಲ, ಅದನ್ನೇ ಬೆರಳು ದಪ್ಪ ಸಂದು ಬಿಟ್ಟು ಜೋಡಿಸಿ ಎರಡು ಮೂರು ಅಡಿ ಎತ್ತರಕ್ಕೆ ಅಟ್ಟ ಮಾಡಿ, ಹಿಕ್ಕೆ ಕೆಳಗೆ ಬಿದ್ದು ಹೋಗುತ್ತೆ, ಮೇಕೆ ಒಣಗಿದ ಜಾಗದಲ್ಲಿ ಮಲಗುತ್ತೆ. ಸಂದು ದೊಡ್ಡದಾದ್ರೆ ಮರಿ ಕಾಲು ಸಿಕ್ಕಿ ಮುರಿಯುತ್ತೆ, ಅದನ್ನ ಮಾತ್ರ ನೋಡ್ಕೊಳ್ಳಿ. ಮೇವು ನೆಲಕ್ಕೆ ಹಾಕದೆ ಎತ್ತರಕ್ಕೆ ನೇತುಹಾಕಿ.

ನಾಟಿ ಔಷಧಿ ವಿಷ್ಯ. ಅಡಿಕೆ ಬಗ್ಗೆ ಹೇಳಿದವರು ಸುಮ್ನೆ ಹೇಳಿದ್ದಲ್ಲ, ಅಡಿಕೇಲಿರೋ ಅರೆಕೋಲಿನ್ ಅನ್ನೋ ಅಂಶಾನ ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧಿಯಾಗಿ ಬಳಸ್ತಿದ್ರು. ಅದು ಹುಳಾನ ಮರಗಟ್ಟಿಸಿ, ನಾಯಿಗೆ ಜೋರು ಭೇದಿ ಮಾಡ್ಸಿ ಹೊರಗೆ ತಳ್ಳುತ್ತಿತ್ತು. ನಾಲ್ಕನೇ ಹೊಟ್ಟೆಗೆ ಕಚ್ಕೊಂಡು ಕೂತಿರೋ ಹಿಮಾಂಕಸ್‌ಗೆ ಅದನ್ನ ನೆಚ್ಕೊಳ್ಳೋಕಾಗಲ್ಲ, ಮೊದಲೇ ರಕ್ತ ಇಲ್ಲದ ಮೇಕೆಗೆ ಜೊಲ್ಲು ಭೇದಿ ಬರ್ಸಿದ್ರೆ ನಾವೇ ದೂಡಿದಂಗೆ. ಮೈಲುತುತ್ತವಂತೂ ಬೇಡವೇ ಬೇಡ. ಆಧುನಿಕ ಔಷಧಿ ಬರೋಕೆ ಮುಂಚೆ ಕೊಡ್ತ ಇದ್ದದ್ದು ನಿಜ, ಆದ್ರೆ ಬೋರ್ಡೋ ಮಾಡೋ ಡ್ರಮ್ಮಿಂದ ಅಂದಾಜಲ್ಲಿ ಒಂದು ಲೋಟ ಎತ್ತಿ ಕುಡಿಸಿ ಹೊಟ್ಟೆ ಸುಟ್ಟು, ಲಿವರ್ ಕೆಟ್ಟು ಕೆಂಪು ಮೂತ್ರ ಹೊಯ್ದು ಸತ್ತ ಮೇಕೇನ ನಾನು ನೋಡಿದೀನಿ, ಮಾಲೀಕರು ಜಂತು ಜಾಸ್ತಿಯಾಗಿ ಸತ್ತಿದ್ದು ಅಂತಲೇ ನಂಬಿದ್ರು.

ಹಾಲು ಮಗೂಗೆ ಕೊಡೋದು. ಮೇಕೆ ಹೊಟ್ಟೆ ಹುಳ ಹಾಲಿನ ಮೂಲಕ ಮಗೂಗೆ ಬರಲ್ಲ, ಆ ಭಯ ಬೇಡ. ಕೊಟ್ಟಿಗೆ ಕೆಲಸ ಮಾಡಿದ ಕೈ ಸೋಪಲ್ಲಿ ತೊಳೀರಿ, ಹಿಕ್ಕೆ ಗೊಬ್ಬರ ಹಾಕಿದ ಸೊಪ್ಪು ತರಕಾರಿ ಹಸಿ ತಿನ್ಬೇಡಿ, ಒಂದೆರಡು ಜಾತಿ ಹುಳ ಆ ದಾರೀಲಿ ಮನುಷ್ಯರಿಗೆ ಬರುತ್ತೆ. ಹಾಲಲ್ಲಿ ಬರೋದು ಔಷಧಿ. ಬಾಟಲಿ ಮೇಲೆ ಎಷ್ಟು ದಿನ ಹಾಲು ಬಳಸ್ಬಾರ್ದು ಅಂತ ಬರೆದಿರ್ತಾರೆ, ಮೇಕೆಗೆ ನಾವು ಡೋಸು ಜಾಸ್ತಿ ಹಾಕೋದ್ರಿಂದ ಅಷ್ಟು ದಿನದ ಮೇಲೂ ಇನ್ನಷ್ಟು ದಿನ ಬಿಡ್ಬೇಕು, ಎಷ್ಟು ಅಂತ ಔಷಧಿ ಬರೆದ ಡಾಕ್ಟ್ರನ್ನೇ ಕೇಳಿ. ಐವರ್ಮೆಕ್ಟಿನ್ ಇಂಜೆಕ್ಷನ್ ಆದ್ರೆ ವಾರಗಟ್ಟಲೆ ಹಾಲಲ್ಲಿ ಬರ್ತಾನೇ ಇರುತ್ತೆ, ಕರೆಯೋ ಮೇಕೆಗೆ ಅದನ್ನ ನಾನು ಹಾಕೋದಿಲ್ಲ. ಕಾಯಿಸಿದ್ರೆ ಔಷಧಿ ಹೋಗುತ್ತೆ ಅಂತ ಕೆಲವರು ಅನ್ಕೊಂಡಿದಾರೆ, ಹೋಗಲ್ಲ. ಕಣ್ಣು ನೋಡಿ ಹಾಕೋ ಪದ್ಧತೀಲಿ ಇಲ್ಲೂ ಲಾಭ ಇದೆ, ಎಲ್ಲದಕ್ಕೂ ಒಂದೇ ದಿನ ಹಾಕಿ ಮನೆ ಹಾಲೆಲ್ಲ ಚೆಲ್ಲೋ ಬದಲು ಮೂರು ನಾಲ್ಕು ಮೇಕೆದು ಚೆಲ್ಲಿದ್ರೆ ಆಯ್ತು.

ಸತ್ತ ಮೇಕೆ ಜಾಗಕ್ಕೆ ಹೊಸದು ತರೋ ಯೋಚನೆ ಇದ್ರೆ ಸಂತೆಯಿಂದ ತಂದ ತಕ್ಷಣ ಮಂದೆಗೆ ಸೇರಿಸ್ಬೇಡಿ, ಬೇರೆಯವರ ಮನೆಯ ಔಷಧಿಗೆ ಬಗ್ಗದ ಹುಳ ದುಡ್ಡು ಕೊಟ್ಟು ತಂದಂಗೆ ಆಗುತ್ತೆ. ಬೇರೆ ಕಟ್ಟಿ, ಎರಡು ವಂಶದ ಔಷಧಿ ಡಾಕ್ಟ್ರ ಕೈಲಿ ಹಾಕ್ಸಿ, ಎರಡು ವಾರ ಬಿಟ್ಟು ಹಿಕ್ಕೆ ಟೆಸ್ಟ್ ಸರಿ ಬಂದ್ಮೇಲೆ ಒಳಗೆ ಬಿಡಿ.

ಒಂದು ನೋಟ್ ಬುಕ್ ಇಡಿ, ಮೇಕೆ ಹೆಸರು, ತಾರೀಕು, ಕಣ್ಣಿನ ನಂಬರು, ಔಷಧಿ ಹಾಕಿದ್ರೆ ಎಷ್ಟು, ಅಷ್ಟೇ. ಮುಂದಿನ ಆರಿದ್ರಾ ಹೊತ್ತಿಗೆ ತಿರುವಿ ಹಾಕಿ ನೋಡಿದ್ರೆ ಹದಿನೈದರಲ್ಲಿ ಎರಡೋ ಮೂರೋ ಮೇಕೆ ಹೆಸರು ಮಾತ್ರ ಮತ್ತೆ ಮತ್ತೆ ನಾಲ್ಕು ಐದು ನಂಬರಲ್ಲಿ ಕಾಣುತ್ತೆ. ಅವು ಎಷ್ಟೇ ಹಾಲು ಕೊಟ್ರೂ ಅವುಗಳ ಹೆಣ್ಣುಮರಿ ಉಳಿಸ್ಕೊಳ್ಬೇಡಿ, ಹೋತ ಆ ಸಾಲಿನದಾಗಿದ್ರೆ ಅದನ್ನ ಮೊದಲು ಕೊಡಿ. ಗದ್ದ ಬಾತ ಆ ಎರಡರ ತಾಯಿ ಯಾವುದು, ಅಪ್ಪ ಯಾವ ಹೋತ, ನಿಮಗೆ ನೆನಪಿದ್ರೆ ಈಗಲೇ ಮೊದಲ ಪುಟದಲ್ಲಿ ಬರ್ದಿಡಿ.